ದೊಡ್ಡಪ್ಪನ ಹಸಿರು ದೀಪ

"ದೊಡ್ಡಪ್ಪನ್ನ ಆಚೆ ಹಾಕು," ಎಂದು ಅಕ್ಕ ಅಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಶುರು ಮಾಡಿದಳು.

"ಆಗಲ್ಲ," ಎಂದೆ ನಾನು.

"ಯಾಕಾಗಲ್ಲ?"

"ನಿನಗಿರೋದು ಒಂದೇ ಕಿವಿ. ಅದಕ್ಕೇ ಆಗಲ್ಲ."

ಹೊರಗಿನವರು ಕೇಳಿಸಿಕೊಂಡಿದ್ದರೆ ನಮ್ಮ ಮನೆಯಲ್ಲಿ ಯಾರೋ ಮುದುಕರನ್ನು ಬೀದಿಗೆ ತಳ್ಳುವ ಸಂಚು ನಡೆದಿದೆ ಎಂದುಕೊಳ್ಳುತ್ತಿದ್ದರು. ಈ ದೊಡ್ಡಪ್ಪ ಮನುಷ್ಯರಲ್ಲ. ಅಕ್ಕ ಸಂಗೀತ ಕಟ್ಟುವ ಸಾಫ್ಟ್‌ವೇರಿನಲ್ಲಿ, ಸದ್ದುಗಳೆಲ್ಲ ಹೆಡ್‌ಫೋನಿಗೂ ಸ್ಪೀಕರಿಗೂ ಹೊರಡುವ ಕೊನೆಯ ಬಾಗಿಲಲ್ಲಿ, ನಾನು ಕೂರಿಸಿರುವ ಕಾವಲು. ಸದ್ದು ಒಂದು ಗೆರೆ ದಾಟಿ ಮೇಲೆದ್ದರೆ ಅದರ ತಲೆ ಒತ್ತಿ ಕೂರಿಸುತ್ತದೆ. ಒತ್ತಿದರೂ ಬಗ್ಗದೆ ಕಿರುಚಿದರೆ ಬಾಗಿಲನ್ನೇ ಮುಚ್ಚಿಬಿಡುತ್ತದೆ. ನಾವು ಹೋಗಿ ತೆರೆಯುವವರೆಗೆ ಪೂರ್ತಿ ಮೌನ. ನಮ್ಮ ನಿಜವಾದ ದೊಡ್ಡಪ್ಪನೂ ಹಾಗೇ ಇದ್ದರು. ಅವರು ಹಜಾರದಲ್ಲಿ ಕೂತಿದ್ದರೆ ಮನೆಯಲ್ಲಿ ಯಾರ ದನಿಯೂ ಏರುವಂತಿರಲಿಲ್ಲ. ಆದ್ದರಿಂದ ಕಾವಲಿಗೆ ಅವರ ಹೆಸರನ್ನೇ ಇಟ್ಟೆವು. ಪರದೆಯ ಮೂಲೆಯಲ್ಲಿ ದೊಡ್ಡಪ್ಪನದೊಂದು ದೀಪ ಇದೆ. ಸದ್ದನ್ನು ಮುಟ್ಟದೆ ಬಿಟ್ಟಿದ್ದರೆ ಹಸಿರು, ಒತ್ತುತ್ತಿದ್ದರೆ ಹಳದಿ, ಬಾಗಿಲು ಮುಚ್ಚಿದರೆ ಕೆಂಪು.

ಅವರನ್ನು ಕೂರಿಸಿದ್ದು ಅಕ್ಕನ ಎಡಗಿವಿ ಹೋದ ಮೇಲೆ. ಅವಳು ಸಂಗೀತ ಕಟ್ಟುವ ರೀತಿಯಲ್ಲೇ ಅಪಾಯವಿದೆ. ಒಂದು ಸಣ್ಣ ಸದ್ದನ್ನು ಹಿಡಿದು, ತಂತಿಗಳಲ್ಲಿ ಸುತ್ತಿಸಿ, ಮತ್ತೆ ಅದರ ಬಾಯಿಗೇ ಉಣಿಸಿ ಬೆಳೆಸುತ್ತಾಳೆ. ತಂತಿ ಎಂದರೆ ಪರದೆಯ ಮೇಲೆ ಮೌಸಿನಿಂದ ಎಳೆಯುವ ಗೆರೆಗಳು, ಅಷ್ಟೆ. ಆದರೆ ಒಂದು ಗೆರೆ ತಪ್ಪಾದ ಜಾಗಕ್ಕೆ ಬಿದ್ದರೆ ಸದ್ದು ತನ್ನನ್ನೇ ತಿಂದು ಕಣ್ಣು ಮಿಟುಕಿಸುವಷ್ಟರಲ್ಲಿ ರಾಕ್ಷಸನಾಗುತ್ತದೆ. ಆವತ್ತು ಹಾಗೇ ಆಯಿತು. ಅವಳ ಕೈ ಜಾರಿತು, ಹೆಡ್‌ಫೋನ್ ತಲೆಯ ಮೇಲಿತ್ತು. ಸದ್ದು ಎಡಗಡೆಯ ಸಾಲಿನಲ್ಲಿ ಮಾತ್ರ ಹುಟ್ಟಿತ್ತು ಎನ್ನುವುದೊಂದೇ ಪುಣ್ಯ. ಎಡಗಡೆಯ ಸ್ಪೀಕರೂ ಹರಿದುಹೋಗಿತ್ತು. ಸ್ಪೀಕರನ್ನು ಮರುದಿನವೇ ಬದಲಾಯಿಸಿದೆವು. ಕಿವಿ ಮಾರುವ ಅಂಗಡಿ ಎಲ್ಲೂ ಇಲ್ಲ.

ಆಮೇಲೆ ನಮ್ಮ ಮನೆಗೆ ಕಾನೂನುಗಳು ಬಂದವು. ಮಾಡಿದವಳು ನಾನೇ, ಯಾಕೆಂದರೆ ಸಂಗೀತ ಅವಳದಾದರೆ ತಂತಿಗಳು ನನ್ನವು. ಹೆಡ್‌ಫೋನ್ ಚುಚ್ಚುವ ಚಿಕ್ಕ ಪೆಟ್ಟಿಗೆಗೆ ಸದ್ದು ಏರಿಸುವ ಗುಂಡಿಯೊಂದಿದೆ. ಅದರ ಪಕ್ಕ ಕೆಂಪು ನೈಲ್ ಪಾಲಿಶ್‌ನಲ್ಲಿ ಗೆರೆ ಎಳೆದೆ. ಗುಂಡಿ ಆ ಗೆರೆ ದಾಟುವಂತಿಲ್ಲ. ಪೆಟ್ಟಿಗೆ ಇರುವುದು ದೊಡ್ಡಪ್ಪನ ಬಾಗಿಲಿನ ಆಚೆಗೆ, ಅಲ್ಲಿ ಏರಿಸಿದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಕಾನೂನು, ತಂತಿ ಮುಟ್ಟುವ ಮುಂಚೆ ಸದ್ದನ್ನು ಪೂರ್ತಿ ಆರಿಸಬೇಕು. ಮತ್ತೆ ಹಚ್ಚುವ ಮುಂಚೆ ನಾನು "ಕಿವಿ?" ಎಂದು ಕೇಳಬೇಕು. ಅಕ್ಕ ಹೆಡ್‌ಫೋನನ್ನು ತಲೆಯಿಂದ ತೆಗೆದು ಹಿಡಿದುಕೊಂಡು "ಕೈಲಿ" ಎನ್ನಬೇಕು. ಆಮೇಲೆಯೇ ಸದ್ದು.

ಈ ಸವಾಲು ಜವಾಬು ಮನೆಯಲ್ಲಿ ಎಷ್ಟು ಬೇರೂರಿತ್ತೆಂದರೆ, ಭಾವ ಮಿಕ್ಸಿ ಹಾಕುವ ಮುಂಚೆ ತಮಾಷೆಗೆ "ಕಿವಿ?" ಎನ್ನುತ್ತಿದ್ದರು, ಅಕ್ಕ ಈರುಳ್ಳಿ ಹೆಚ್ಚುತ್ತಲೇ "ಕೈಲಿ" ಎನ್ನುತ್ತಿದ್ದಳು. ನಾವು ಮೂವರೂ ನಗುತ್ತಿದ್ದೆವು.

"ನನ್ನ ಸದ್ದಿಗೆ ಕಂಬಳಿ ಹೊದಿಸಿದ್ದಾರೆ ನಿನ್ನ ದೊಡ್ಡಪ್ಪ," ಎಂದಳು ಅಕ್ಕ ಈಗ. "ಮೊದಲೆಲ್ಲ ಎಷ್ಟು ಚೊಕ್ಕವಾಗಿ ಕೇಳ್ತಿತ್ತು. ಈಗ ಬರೀ ಮಬ್ಬು. ಹೊಳಪೇ ಇಲ್ಲ."

"ಅಕ್ಕ, ನಿನ್ನೆಯೆಲ್ಲ ದೀಪ ಹಸಿರಾಗೇ ಇತ್ತು. ಅವರು ಮುಟ್ಟೇ ಇಲ್ಲ."

"ನೀನು ದೀಪ ನೋಡ್ಕೊಂಡು ಸಂಗೀತ ಮಾಡ್ತೀಯಾ, ಕಿವಿಯಿಂದ ಮಾಡ್ತೀಯಾ?"

ಇದು ನನ್ನದೇ ಮಾತು. ಹೊಸಬರು ಯಾರಾದರೂ ಪರದೆ ನೋಡಿಕೊಂಡು ಸದ್ದು ತಿದ್ದಲು ಕೂತರೆ ನಾನು ಹೀಗೆಯೇ ಚುಚ್ಚುತ್ತೇನೆ. ನನ್ನ ಮಾತನ್ನು ನನಗೇ ತಿರುಗಿಸಿದ್ದಕ್ಕೆ ಮೈ ಉರಿಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಬಲ್ಲ ಒಬ್ಬಳೇ ಒಬ್ಬಳು ಅಕ್ಕ, ಹಾಗಾಗಿ ಎಲ್ಲಿ ಒತ್ತಬೇಕೋ ಅಲ್ಲೇ ಒತ್ತುತ್ತಾಳೆ.

ಅಷ್ಟರಲ್ಲಿ ಅಡುಗೆಮನೆಯಿಂದ ಪೀಂ ಪೀಂ ಎಂಬ ಸದ್ದು ಬಂತು. ಅಕ್ಕ ಹಾಲು ತೆಗೆದು ಫ್ರಿಜ್ಜಿನ ಬಾಗಿಲನ್ನು ಹಾಗೇ ಬಿಟ್ಟು ಬಂದಿದ್ದಳು. ಭಾವ ಕೆಲಸಕ್ಕೆ ಹೊರಡಲು ಬೂಟು ಕಟ್ಟುತ್ತಿದ್ದವರು ಒಂದೇ ಬೂಟಿನಲ್ಲಿ ಹೋಗಿ ಬಾಗಿಲು ಮುಚ್ಚಿ ಬಂದರು. ಅವರು ಲಿಫ್ಟ್ ರಿಪೇರಿ ಮಾಡುವವರು. ತೆರೆದ ಬಾಗಿಲು ಕಂಡರೆ ಅವರಿಗೆ ಸಮಾಧಾನ ಇರುವುದಿಲ್ಲ.

"ಮಹಾರಾಣಿಯವರಿಗೆ ಫ್ರಿಜ್ಜು ಬಾಯಿ ಬಡ್ಕೊಂಡ್ರೂ ಕಿವಿಗೆ ಹಾಕ್ಕೊಳ್ಳಲ್ಲ," ಎಂದರು.

"ನಿಮ್ಮ ಫ್ರಿಜ್ಜು ಯಾವತ್ತು ಕೂಗಿದೆ? ಅದರ ಸದ್ದು ಕೆಟ್ಟು ಎಷ್ಟು ಕಾಲ ಆಯ್ತೋ," ಎಂದಳು ಅಕ್ಕ.

"ನೋಡಮ್ಮ, ಸುಳ್ಳು ಹೇಳಿದ್ರೂ ಮುಖದ ಮೇಲೆ ಒಂದು ಗೆರೆ ಬದಲಾಗಲ್ಲ," ಎಂದು ಭಾವ ನನ್ನತ್ತ ಕಣ್ಣು ಮಿಟುಕಿಸಿದರು. ಆಮೇಲೆ ಎರಡನೆಯ ಬೂಟು ಹಾಕಿಕೊಳ್ಳುತ್ತ ಅಕ್ಕನಿಗೆ ಹೇಳಿದರು: "ಲಿಫ್ಟಿನ ಹಗ್ಗ ತುಂಡಾದ್ರೆ ಕಚ್ಚಿ ಹಿಡಿಯೋ ಬ್ರೇಕು ಒಂದಿರುತ್ತೆ. ಯಾರೂ ಅದನ್ನ ನೋಡಲ್ಲ. ಹಾಗಂತ ಅದನ್ನ ಬಿಚ್ಚಿ ಮನೆಗೆ ತಗೊಂಡು ಹೋಗ್ತೀವಾ? ದೊಡ್ಡಪ್ಪ ಅಲ್ಲೇ ಇರಲಿ."

"ಇಬ್ಬರೂ ಸೇರ್ಕೊಂಡಿದ್ದೀರ," ಎಂದಳು ಅಕ್ಕ. ಕೋಪದಲ್ಲಿ ಹೇಳಿದ್ದಲ್ಲ, ದಣಿವಿನಲ್ಲಿ ಹೇಳಿದ್ದು. ಅದು ನನಗೆ ಚೆನ್ನಾಗಿ ನೆನಪಿದೆ.

ಆ ದಿನ ನಾಟಕಮಂದಿರದಲ್ಲಿ ಕೊನೆಯ ತಾಲೀಮು. ಮರುದಿನ ಪ್ರದರ್ಶನ. ನಾಟಕದ ಕೊನೆಗೆ ರಂಗದ ಮೇಲೆ ಕತ್ತಲಾಗುತ್ತದೆ, ನಟಿ ಮುಚ್ಚಿದ ಬಾಗಿಲಿನ ಮುಂದೆ ಕೂತು "ತೆಗಿ" ಎಂದು ಪಿಸುಗುಟ್ಟುತ್ತಾಳೆ. ಆ ಪಿಸುಮಾತನ್ನು ಮೈಕು ಹಿಡಿಯುತ್ತದೆ. ಅಕ್ಕ ಅದನ್ನು ತನ್ನ ತಂತಿಗಳಲ್ಲಿ ಸುತ್ತಿಸುತ್ತ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಬೆಳೆಸುತ್ತ ಹೋಗಿ, ಕೊನೆಗೆ ಒಂದೇ ಏಟಿಗೆ ಸಭಾಂಗಣದಲ್ಲಿ ಬಿಡುತ್ತಾಳೆ. ಬಾಗಿಲು ಬಡಿದ ಸದ್ದು ಅದು. ನಟಿ ದಿನಕ್ಕೊಂದು ರೀತಿ ಪಿಸುಗುಟ್ಟುವುದರಿಂದ ಮೊದಲೇ ಧ್ವನಿಮುದ್ರಿಸಿ ಇಟ್ಟುಕೊಳ್ಳುವ ಹಾಗಿಲ್ಲ. ಅಲ್ಲೇ, ಆಗಲೇ, ಅಕ್ಕ ಹೆಡ್‌ಫೋನ್ ಹಾಕಿ ಕೂತು ಬೆಳೆಸಬೇಕು. ಇಷ್ಟು ದೊಡ್ಡ ಕೆಲಸ ಎಡಗಿವಿ ಹೋದ ಮೇಲೆ ಅವಳಿಗೆ ಸಿಕ್ಕಿದ್ದು ಇದೇ ಮೊದಲು. ಅವಳು ಊಟ ತಿಂಡಿ ಮರೆತು ದುಡಿದಿದ್ದಳು. ನಾನು ಕಣ್ಣಲ್ಲಿ ಕಣ್ಣಿಟ್ಟು ಅವಳ ಬಲಗಿವಿ ಕಾದಿದ್ದೆ.

ನಿರ್ದೇಶಕ ಯಾವಾಗಲೂ ಕತ್ತಿಗೆ ಮಫ್ಲರ್ ಸುತ್ತಿಕೊಂಡಿರುವ ಉದ್ದನೆಯ ಆಸಾಮಿ. ನಾವಿಬ್ಬರೂ ಅವನನ್ನು ಮಫ್ಲರ್ ಎಂದೇ ಕರೆಯುತ್ತಿದ್ದೆವು, ಅವನ ಬೆನ್ನ ಹಿಂದೆ. ಹಿಂದಿನ ತಾಲೀಮಿನಲ್ಲಿ ಅವನು ಹಲ್ಲು ಕಿರಿದು "ಏಟು ಚೆನ್ನಾಗಿದೆ ಮೇಡಂ, ಆದ್ರೆ ಕಿವಿಗೆ ಸೂಜಿ ಹಾಕಿದ ಹಾಗಾಗುತ್ತೆ, ಸ್ವಲ್ಪ ಚೂಪು ಕಡಿಮೆ ಮಾಡ್ತೀರಾ?" ಎಂದಿದ್ದ. ಅಕ್ಕ "ಚೂಪಾ? ಇದು ಮೊಂಡು ಚಾಕು," ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ. ನಿಜ ಹೇಳಬೇಕೆಂದರೆ ನನಗೂ ಚೂಪು ಅನಿಸಿತ್ತು. ಅಕ್ಕ ಬೇಕೆಂದೇ ಮಾಡಿರುತ್ತಾಳೆ ಎಂದುಕೊಂಡೆ. ಅವಳ ಒಂದು ಕಿವಿಯ ಮುಂದೆ ನನ್ನ ಎರಡು ಯಾವ ಲೆಕ್ಕ?

ಮಂದಿರದಲ್ಲಿ ನಮಗೆ ಕೊಟ್ಟ ಮೇಜು ಹಿಂಬದಿಯ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡಿತ್ತು. ಅಕ್ಕನ ಬಲಗಡೆ ಗೋಡೆ. ನನಗೆ ಕೂರಲು ಜಾಗ ಎಡಗಡೆ ಮಾತ್ರ. ಮನೆಯಲ್ಲಿ ನಾನು ಯಾವಾಗಲೂ ಅವಳ ಬಲಕ್ಕೇ ಕೂರುತ್ತೇನೆ. ಮೇಜು ಎಳೆಸೋಣ ಎಂದೆ. ವೈರುಗಳೆಲ್ಲ ನೆಲಕ್ಕೆ ಅಂಟಿಸಿಬಿಟ್ಟಿದ್ದಾರೆ, ಬೇಡ ಎಂದಳು ಅಕ್ಕ. ಸರಿ ಎಂದು ಸುಮ್ಮನಾದೆ.

ಮೊದಲ ಸಲ ಏಟು ಬಿಟ್ಟಾಗ ಅಕ್ಕ ಮುಖ ಕಿವುಚಿದಳು. "ದಿಂಬು ಬಿದ್ದ ಹಾಗಿದೆ."

ನಾನು ದೀಪ ನೋಡಿದೆ. ಏಟಿನ ಗಳಿಗೆಯಲ್ಲೂ ಹಸಿರು. ಆದರೆ ಬಾಯಿ ಬಿಡಲಿಲ್ಲ, ಮತ್ತೆ ದೀಪದ ಮಾತಾಡಿದರೆ ಜಗಳ.

"ಒಂದೇ ಸಲ," ಎಂದಳು ಅಕ್ಕ, ನನ್ನ ಕಡೆ ಪೂರ್ತಿ ತಿರುಗಿ. "ಒಂದೇ ಒಂದು ಸಲ ದೊಡ್ಡಪ್ಪ ಇಲ್ಲದೆ ಕೇಳ್ತೀನಿ. ಹೆಡ್‌ಫೋನಲ್ಲಿ ಬೇಡ. ಸಭಾಂಗಣದ ಸ್ಪೀಕರಲ್ಲೇ ಕೇಳ್ತೀನಿ. ಮಂದಿರದವರ ಸ್ಪೀಕರಿಗೆ ಅವರದೇ ಕಾವಲು ಇದೆಯಲ್ಲ. ನನ್ನ ಕೆಲಸ ನಿಜವಾಗಿ ಹೇಗಿದೆ ಅಂತ ನನಗೆ ಗೊತ್ತಾಗ್ಬೇಕು. ನಾಳೆ ಜನ ಕೇಳ್ತಾರೆ, ನಾನು ಮಾತ್ರ ಕೇಳಿಲ್ಲ ಅಂದ್ರೆ ಹೇಗೆ?"

ಅವಳು ಅಷ್ಟು ಮೆತ್ತಗೆ ಕೇಳಿದರೆ ನನಗೆ ಇಲ್ಲ ಎನ್ನಲು ಬರುವುದಿಲ್ಲ. ಜಗಳವಾಡಿದ್ದರೆ ಗೆಲ್ಲುತ್ತಿದ್ದೆ.

"ಹೆಡ್‌ಫೋನ್ ಕೈಲಿರಬೇಕು."

"ಇರುತ್ತೆ ತಾಯಿ."

ಸದ್ದು ಆರಿಸಿದೆ. ದೊಡ್ಡಪ್ಪನಿಗೆ ಬರುವ ತಂತಿ ಕಿತ್ತೆ, ಅವರಿಂದ ಹೋಗುವ ತಂತಿ ಕಿತ್ತೆ, ನಡುವೆ ನೇರವಾಗಿ ಒಂದು ಗೆರೆ ಎಳೆದೆ. ಮೂಲೆಯ ದೀಪ ಆರಿಹೋಯಿತು. ಅಕ್ಕ ಈ ನಡುವೆ ತನ್ನ ಕಡೆಯ ಪರದೆಯ ಮೇಲೆ ಬಗ್ಗಿ, ಹೊಳಪು ಸಾಲದೆಂದು ಬೆಳೆಸುವ ತಂತಿಗಳ ಮಟ್ಟವನ್ನು ಇನ್ನಷ್ಟು ಏರಿಸುತ್ತಿದ್ದಳು. ರಂಗದ ಮೇಲಿನ ದೀಪಗಳನ್ನು ಆರಿಸಿದ್ದರು. ಪರದೆಯ ಬೆಳಕು ಬಿಟ್ಟರೆ ಎಲ್ಲ ಮಬ್ಬುಗತ್ತಲು, ಆಕಾರಗಳಷ್ಟೇ ಕಾಣುತ್ತಿದ್ದವು. ನಟಿ ತನ್ನ ಜಾಗದಲ್ಲಿ ಕೂತಿದ್ದಳು, ಮಫ್ಲರ್ ಮುಂದಿನ ಸಾಲಿನಲ್ಲಿ ನಿಂತಿದ್ದ. ನನ್ನ ಬೆರಳು ಸದ್ದು ಹಚ್ಚುವ ಗುಂಡಿಯ ಮೇಲಿತ್ತು, ಕಣ್ಣು ಪರದೆಯ ಮೇಲಿತ್ತು.

"ಕಿವಿ?"

"ಕೈಲಿ."

ಒತ್ತಿದೆ.

ನಟಿ "ತೆಗಿ" ಎಂದಳೋ ಇಲ್ಲವೋ ಗೊತ್ತಿಲ್ಲ. ಸದ್ದು ಹಚ್ಚಿದ ಕ್ಷಣವೇ ತಂತಿಗಳ ಬಲೆಯೊಳಗಿಂದ ಒಂದು ಕಿರುಚಲು ಎದ್ದಿತು. ತೀರ ತೆಳುವಾದ, ತೀರ ಎತ್ತರದ, ಗಾಜಿನ ಮೇಲೆ ಉಗುರು ಎಳೆದಂಥ ಕಿರುಚಲು. ಸಭಾಂಗಣದ ಸ್ಪೀಕರುಗಳು ಅದರ ತುದಿಯನ್ನಷ್ಟೇ ಹೊರಹಾಕಿ ತಮ್ಮ ಕಾವಲಿನಿಂದ ಗಪ್ಪಾದವು. ಅಷ್ಟಕ್ಕೇ ಮಫ್ಲರ್ ಎರಡೂ ಕಿವಿ ಮುಚ್ಚಿ ಕುಸಿದು ಕೂತ, ನಟಿ ತಲೆಯನ್ನು ಮೊಣಕಾಲಿನೊಳಗೆ ತೂರಿಸಿಕೊಂಡಳು. ಆದರೂ ಆ ಸದ್ದು ನಿಲ್ಲಲಿಲ್ಲ. ಅದು ನನ್ನ ಪಕ್ಕದಿಂದಲೇ ಬರುತ್ತಿತ್ತು, ಹತ್ತಿರದಿಂದ, ಮುಚ್ಚಿದ ಬಟ್ಟಲೊಳಗಿಂದ ಬರುವ ಹಾಗೆ. ನಾನು ತಿರುಗಿದೆ.

ಹೆಡ್‌ಫೋನ್ ಅಕ್ಕನ ತಲೆಯ ಮೇಲಿತ್ತು.

ಗುಂಡಿ ಒತ್ತಿ ಆರಿಸುವುದು ಬಿಟ್ಟು ನಾನು ಹೆಡ್‌ಫೋನಿನ ವೈರನ್ನೇ ಹಿಡಿದು ಕಿತ್ತೆ. ಚಿಕ್ಕ ಪೆಟ್ಟಿಗೆ ಮೇಜಿನಿಂದ ಹಾರಿ ಕೆಳಗೆ ಬಿತ್ತು. ಸದ್ದು ನಿಂತಿತು. ಬಲಗಿವಿಯೂ ಹೋಯಿತು, ನನ್ನ ಕೈಯಾರೆ ಹೋಯಿತು ಎಂದು ಅಂದುಕೊಂಡೆ. ಭಾವನಿಗೆ ಏನು ಹೇಳಲಿ ಎಂದುಕೊಂಡೆ.

ಅಕ್ಕ ನಿಧಾನವಾಗಿ ಹೆಡ್‌ಫೋನ್ ತೆಗೆದು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನೋವಿರಲಿಲ್ಲ. ಬೆಚ್ಚಿದ ಗುರುತೂ ಇರಲಿಲ್ಲ.

"ಯಾಕೆ ಕಿತ್ತೆ?" ಎಂದಳು. "ಇನ್ನೂ ಶುರುವೇ ಆಗಿಲ್ವಲ್ಲ."

ಆಮೇಲೆ ಅವಳು ರಂಗದ ಕಡೆ ನೋಡಿದಳು.

"ಏನಾಯ್ತು ಇವರಿಗೆಲ್ಲ? ಯಾಕೆ ಕಿವಿ ಮುಚ್ಕೊಂಡಿದ್ದಾರೆ?"

"ಅಕ್ಕ, ನನ್ನ ಮಾತು ಕೇಳ್ತಿದೆಯಾ?"

"ಕೇಳದೆ ಏನು? ಸ್ವಲ್ಪ ಗುಂಯ್ ಅಂತಿದೆ ಅಷ್ಟೆ. ಯಾಕೆ?"

"ಕೈಲಿ ಅಂದೆಯಲ್ಲ. ಹೆಡ್‌ಫೋನ್ ತಲೆ ಮೇಲಿತ್ತು. ಯಾಕೆ ಕೈಲಿ ಅಂದೆ?"

ಅಕ್ಕ ತನ್ನ ಕೈಯಲ್ಲಿದ್ದ ಹೆಡ್‌ಫೋನನ್ನು ಈಗ ನೋಡಿಕೊಂಡಳು. "ನೀನು ಕೇಳಿದ್ದು ಕೇಳಿಸ್ಲಿಲ್ಲ. ಈ ಕಡೆ ಕೂತಿದ್ದೀಯಲ್ಲ. ನಿನ್ನ ತುಟಿ ಅಲ್ಲಾಡಿದ್ದು ಕಾಣ್ತು. ನೀನು ತುಟಿ ಅಲ್ಲಾಡಿಸಿದ್ರೆ ನನ್ನ ಬಾಯಲ್ಲಿ ಕೈಲಿ ಅಂತಾನೇ ಬರುತ್ತೆ."

ಹೀಗೆ ಹೋಗಿತ್ತು ನನ್ನ ಕಾನೂನು. ನಾನು ಅವಳ ಕಿವಿ ಕಾಯಲು ಮಾಡಿದ ಪ್ರಶ್ನೆಯನ್ನು ಅವಳ ಸತ್ತ ಕಿವಿಗೆ ಕೇಳಿದ್ದೆ, ಅವಳ ಅಭ್ಯಾಸ ಉತ್ತರ ಕೊಟ್ಟಿತ್ತು, ನಾನು ತಿರುಗಿ ಕೂಡ ನೋಡದೆ ಗುಂಡಿ ಒತ್ತಿದ್ದೆ.

ಆದರೆ ನನ್ನನ್ನು ಹೆದರಿಸಿದ್ದು ಅದಲ್ಲ. ಅಷ್ಟು ದೂರ ನಿಂತ ಮಫ್ಲರ್ ಕುಸಿದು ಕೂತಿದ್ದ. ತೋಳಿನಷ್ಟು ಆಚೆ ಕೂತ ನನಗೆ ಹಲ್ಲುಗಳೆಲ್ಲ ಜುಮ್ಮೆಂದಿದ್ದವು. ಕಿವಿಗೇ ಹಚ್ಚಿಕೊಂಡಿದ್ದವಳು ಮಾತ್ರ ಇನ್ನೂ ಶುರುವೇ ಆಗಿಲ್ಲ ಎನ್ನುತ್ತಿದ್ದಳು.

ಬಗ್ಗಿ ಚಿಕ್ಕ ಪೆಟ್ಟಿಗೆಯನ್ನು ಎತ್ತಿಕೊಂಡೆ. ಗುಂಡಿ ಕೆಂಪು ಗೆರೆಯಲ್ಲಿರಲಿಲ್ಲ. ಗೆರೆ ದಾಟಿ ಬಹಳ ಮುಂದೆ ಹೋಗಿ, ಕೊನೆ ಮುಟ್ಟಲು ಸ್ವಲ್ಪವೇ ಬಾಕಿ ಇತ್ತು. ಬಿದ್ದ ರಭಸಕ್ಕೆ ತಿರುಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದು ಬಿಗಿಯಾದ ಗುಂಡಿ, ಬಿದ್ದರೆ ತಿರುಗುವಂಥದ್ದಲ್ಲ.

"ಇದನ್ನ ಏರಿಸಿದ್ದು ನೀನಾ?"

ಅಕ್ಕ ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ನನ್ನನ್ನು ನೋಡಿದಳು. "ದೊಡ್ಡಪ್ಪ ಅಷ್ಟು ಮಬ್ಬು ಮಾಡಿದ್ರೆ ಏನು ಮಾಡ್ಲಿ? ಸ್ವಲ್ಪ ಸ್ವಲ್ಪ ಏರಿಸ್ತಾ ಬಂದೆ. ನಿನಗೆ ಹೇಳಿದ್ರೆ ರಾದ್ಧಾಂತ ಮಾಡ್ತೀಯ."

ಮಬ್ಬು ಮಾಡಿದ್ದು ದೊಡ್ಡಪ್ಪನಲ್ಲ. ದೀಪ ಉದ್ದಕ್ಕೂ ಹಸಿರಾಗಿತ್ತು, ನಾನೇ ಸಾವಿರ ಸಲ ನೋಡಿದ್ದೆ. ಅವರು ಮುಟ್ಟಿಲ್ಲವಾದರೆ ಆ ಹೊಳಪು ಎಲ್ಲಿಗೆ ಹೋಯಿತು ಎಂದು ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಬಾಗಿಲು ಕಾಯುವುದರಲ್ಲಿ ಎಷ್ಟು ಮುಳುಗಿದ್ದೆನೆಂದರೆ ಮನೆಯೊಳಗೆ ಏನಿದೆ ಏನಿಲ್ಲ ನೋಡಿರಲಿಲ್ಲ.

ಮಫ್ಲರ್ ಎದ್ದು ಬರುತ್ತಿದ್ದ. ಕೈ ಎತ್ತಿ ಅವನನ್ನು ಅಲ್ಲೇ ತಡೆದೆ. "ಸ್ವಲ್ಪ ಹೊತ್ತು ಬಿಡಿ ನಮ್ಮನ್ನ," ಎಂದೆ. ನನ್ನ ದನಿ ಹೇಗಿತ್ತೋ, ಅವನು ಮರುಮಾತಾಡದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋದ.

ದೊಡ್ಡಪ್ಪನನ್ನು ಮತ್ತೆ ಅವರ ಜಾಗದಲ್ಲಿ ಕೂರಿಸಿದೆ. ಹಸಿರು ದೀಪ ಹತ್ತಿತು. ಪೆಟ್ಟಿಗೆಯ ಗುಂಡಿಯನ್ನು ಕೆಂಪು ಗೆರೆಗೆ ತಂದೆ. ಕುರ್ಚಿಯನ್ನು ಎತ್ತಿ ಗೋಡೆಗೂ ಅವಳಿಗೂ ನಡುವೆ ತುರುಕಿ, ಅವಳ ಬಲಕ್ಕೆ ಮುದುಡಿ ಕೂತೆ.

"ಒಂದು ಸ್ವರ ಹಾಕ್ತೀನಿ," ಎಂದೆ. "ಮೆಲ್ಲಗೆ. ಕೆಳಗಿಂದ ಮೇಲಕ್ಕೆ ಹೋಗುತ್ತೆ. ಕೇಳ್ತಿರೋವರೆಗೂ ಬೆರಳು ಎತ್ತಿ ಹಿಡಿ. ನಿಂತಾಗ ಇಳಿಸು."

"ನನಗೆ ಪರೀಕ್ಷೆನಾ?"

"ಹೂಂ."

ಅವಳು ನಗಲು ನೋಡಿದಳು, ಆಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬೆರಳೆತ್ತಿದಳು. ನಾನು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಸ್ವರ ಬಿಟ್ಟೆ. ಅದು ದಪ್ಪ ದನಿಯಲ್ಲಿ ಶುರುವಾಗಿ, ಮಾತಿನ ಎತ್ತರ ದಾಟಿ, ಕೊಳಲಿನ ಎತ್ತರಕ್ಕೆ ಏರಿತು. ಬೆರಳು ನೆಟ್ಟಗಿತ್ತು. ನಾನು ಉಸಿರು ಬಿಟ್ಟೆ. ಸ್ವರ ಇನ್ನೂ ಏರಿತು. ಸಿಳ್ಳೆಯ ಎತ್ತರ ಬರುವುದಕ್ಕೆ ಬಹಳ ಮುಂಚೆಯೇ ಅವಳು ಬೆರಳು ಇಳಿಸಿ, "ಮುಗೀತಾ?" ಎಂದಳು.

ನನ್ನ ಕಿವಿಯಲ್ಲಿ ಸ್ವರ ಸ್ಪಷ್ಟವಾಗಿ ಹೋಗುತ್ತಲೇ ಇತ್ತು.

"ಇನ್ನೊಂದು ಸಲ," ಎಂದೆ. "ಈ ಸಲ ಮೇಲಿಂದ ಕೆಳಕ್ಕೆ ಬರುತ್ತೆ. ಕೇಳಿದ ತಕ್ಷಣ ಎತ್ತು."

ಸ್ವರ ಬಿಟ್ಟೆ. ಅಕ್ಕ ಬೆರಳನ್ನು ಮೇಜಿನ ಅಂಚಿನಲ್ಲಿಟ್ಟು, ಓಟಕ್ಕೆ ನಿಂತವಳಂತೆ, ನನ್ನ ಮುಖವನ್ನೇ ನೋಡುತ್ತ ಕಾದಳು. ಸ್ವರ ನನ್ನ ತಲೆಯೊಳಗೆ ತೆಳ್ಳಗೆ ಉರಿಯುತ್ತಿತ್ತು. ಅವಳು ಕಾಯುತ್ತಲೇ ಇದ್ದಳು. ನನ್ನ ಕಣ್ಣು ತುಂಬಿ ಪರದೆ ಕಾಣದಾಯಿತು.

"ಶುರು ಮಾಡೇ," ಎಂದಳು.

"ಶುರುವಾಗಿದೆ ಅಕ್ಕ."

ಅವಳು ಅಲ್ಲಾಡಲಿಲ್ಲ. ಬೆರಳು ಹಾಗೇ ಅಂಚಿನಲ್ಲಿತ್ತು. ಸ್ವರ ಇಳಿಯುತ್ತ ಇಳಿಯುತ್ತ ಬಂದು, ಯಾವುದೋ ಒಂದು ಕಡೆ ಅವಳ ಕಿವಿಗೆ ಸಿಕ್ಕಿರಬೇಕು, ಬೆರಳು ತಾನಾಗಿಯೇ ಮೇಲೆದ್ದಿತು. ಅದನ್ನು ಅವಳು ಬೇರೆ ಯಾರದೋ ಬೆರಳೆಂಬಂತೆ ನೋಡಿದಳು. ನಾನು ಆರಿಸಿದೆ.

"ನಿನಗೆ ಸರಿಯಾಗಿ ಕೇಳ್ತಿತ್ತಾ? ಮೊದಲಿಂದ?"

"ಮೊದಲಿಂದ."

"ಈಗಿನ ಸದ್ದಿಗೆ ಹೋಯ್ತಾ ಇದು?"

"ಅಲ್ಲ ಅಕ್ಕ. ಹೋಗಿ ಕಾಲ ಆಗಿರ್ಬೇಕು. ಅದಕ್ಕೇ ನೀನು ಮಬ್ಬು ಅಂತಿದ್ದೆ. ಅದಕ್ಕೇ ಏರಿಸಿದೆ. ಏರಿಸಿದ್ದಕ್ಕೆ ಇನ್ನಷ್ಟು ಹೋಗಿರ್ಬೇಕು."

ಇಷ್ಟು ನೇರವಾಗಿ ಹೇಳಬಾರದಿತ್ತೇನೋ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ, ಅವಳಿಗೂ ಅದು ಹಿಡಿಸುವುದಿಲ್ಲ. ಅಕ್ಕ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳು ಅಳುತ್ತಾಳೆ, ನನ್ನನ್ನು ಬಯ್ಯುತ್ತಾಳೆ, ಮಂದಿರ ಬಿಟ್ಟು ಹೋಗುತ್ತಾಳೆ ಎಂದು ಏನೇನೋ ನಿರೀಕ್ಷಿಸಿದೆ. ಅವಳು ಕೇಳಿದ್ದು ಬೇರೆ.

"ನಮ್ಮನೆ ಫ್ರಿಜ್ಜು," ಎಂದಳು, "ನಿಜವಾಗ್ಲೂ ಕೂಗುತ್ತಾ?"

"ಕೂಗುತ್ತೆ ಅಕ್ಕ."

"ದಿನಾ?"

"ನೀನು ಬಾಗಿಲು ಬಿಟ್ಟಾಗೆಲ್ಲ."

ಅವಳು ತಲೆಯಾಡಿಸಿದಳು. ಆಮೇಲೆ ಹೆಡ್‌ಫೋನನ್ನು ಎತ್ತಿ ನನ್ನ ತಲೆಗೆ ಹಾಕಿ, ಚಿಕ್ಕವಳಿದ್ದಾಗ ನನಗೆ ಟೋಪಿ ಹಾಕುತ್ತಿದ್ದ ಹಾಗೆ ಎರಡೂ ಕಡೆ ಒತ್ತಿ ಸರಿಮಾಡಿದಳು. "ಅವರನ್ನ ಕರಿ," ಎಂದಳು.

ಮಫ್ಲರ್ ಬಂದು ನಿಂತಾಗ ಅಕ್ಕ ಎದ್ದು ನಿಂತೇ ಹೇಳಿದಳು: "ನೀವು ಹೇಳಿದ್ದು ಸರಿ. ಚೂಪಾಗಿತ್ತು. ನನಗೆ ಎತ್ತರದ ಸದ್ದು ಕೇಳ್ತಾ ಇಲ್ಲ, ಅದು ಈಗ ಗೊತ್ತಾಯ್ತು. ಮೇಲಿನದನ್ನ ಇವಳು ಕೇಳಿ ತಿದ್ದುತ್ತಾಳೆ. ಕೆಳಗಿನದು ನನಗೆ ಬಿಡಿ. ಇದಕ್ಕೆ ಒಪ್ಪಿಗೆ ಇದ್ರೆ ಮುಂದುವರಿಸೋಣ, ಇಲ್ಲ ಅಂದ್ರೆ ಈಗಲೇ ಹೇಳಿ."

ಮಫ್ಲರ್ ತನ್ನ ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. "ಶುರು ಮಾಡಿ ಮೇಡಂ," ಎಂದಷ್ಟೇ ಹೇಳಿ ತನ್ನ ಸಾಲಿಗೆ ಹೋದ. ಅಂದಿನಿಂದ ನಾನು ಅವನನ್ನು ಆಡಿಕೊಳ್ಳುವುದು ಬಿಟ್ಟಿದ್ದೇನೆ.

ಆ ಮಧ್ಯಾಹ್ನವಿಡೀ ನಾನು ಏಟಿನ ಚೂಪನ್ನು ಒರೆಸುತ್ತ ಬಂದೆ, ಅವಳು ಅದರ ಬುಡವನ್ನು ಗಟ್ಟಿ ಮಾಡುತ್ತ ಬಂದಳು. ಪ್ರತಿ ಸಲ ಸದ್ದು ಹಚ್ಚುವ ಮುಂಚೆ ನಾನು ಬಾಯಲ್ಲಿ ಕೇಳಲಿಲ್ಲ. ತಿರುಗಿ ಅವಳ ತಲೆ ನೋಡಿದೆ, ಅವಳ ಎರಡೂ ಕಿವಿ ಬರಿದಾಗಿರುವುದನ್ನು ಕಣ್ಣಾರೆ ಕಂಡು ಒತ್ತಿದೆ. ಏಟು ಬಿದ್ದಾಗ ಖಾಲಿ ಕುರ್ಚಿಗಳೂ ಅದುರಿದವು. ದೊಡ್ಡಪ್ಪ ಹಸಿರಾಗಿಯೇ ಇದ್ದರು. ಮರುದಿನ ಬೆಳಿಗ್ಗೆಗೆ ಕಿವಿ ಡಾಕ್ಟರ ಹತ್ತಿರ ಹೋಗುವುದೆಂದೂ ನಿಶ್ಚಯವಾಯಿತು. ಭಾವನಿಗೆ ತಾನೇ ಹೇಳುತ್ತೇನೆ ಎಂದಳು ಅಕ್ಕ.

ಸಂಜೆ ಮನೆಗೆ ಬಂದಾಗ ಭಾವ ಕೈ ತೊಳೆದು ಟವೆಲಿಗೆ ಒರೆಸಿಕೊಳ್ಳುತ್ತಿದ್ದರು. ಅಕ್ಕ ಚಪ್ಪಲಿ ಬಿಟ್ಟವಳೇ ನೇರ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದು ಅದರ ಮುಂದೆ ನಿಂತಳು. ಒಳಗಿನ ಬೆಳಕು ಅವಳ ಮುಖದ ಮೇಲೆ ಬಿತ್ತು. ಅವಳು ಏನನ್ನೂ ತೆಗೆದುಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಫ್ರಿಜ್ಜು ಕೂಗತೊಡಗಿತು.

"ಮಹಾರಾಣಿಯವರೇ," ಎಂದು ಶುರು ಮಾಡಿದ ಭಾವ ನನ್ನ ಮುಖ ನೋಡಿ ನಿಲ್ಲಿಸಿದರು.

"ಈಗ ಕೂಗ್ತಿದೆಯಾ?" ಎಂದಳು ಅಕ್ಕ, ನಮ್ಮತ್ತ ತಿರುಗದೆ.

"ಕೂಗ್ತಿದೆ," ಎಂದೆ.

ಅವಳು ಬಗ್ಗಿ ಬಲಗಿವಿಯನ್ನು ಫ್ರಿಜ್ಜಿನ ಮೈಗೆ ಒತ್ತಿದಳು. "ಈಗ?"

"ಈಗಲೂ."

ಭಾವ ಟವೆಲ್ ಹಿಡಿದೇ ನಿಂತಿದ್ದರು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವರ ಮುಖ ಇಳಿದುಹೋದದ್ದನ್ನು ನಾನು ನೋಡಲಾರದೆ ಬೇರೆ ಕಡೆ ತಿರುಗಿದೆ. ದಿನವೂ ಅದೇ ಫ್ರಿಜ್ಜಿನ ನೆಪದಲ್ಲಿ ಅವಳನ್ನು ಛೇಡಿಸಿದ್ದರಲ್ಲ. ತೆರೆದ ಬಾಗಿಲು ಕಂಡರೆ ಓಡಿಹೋಗಿ ಮುಚ್ಚುವ ಮನುಷ್ಯ ಅಂದು ಮುಚ್ಚಲಿಲ್ಲ. ಹೋಗಿ ಅವಳ ಬಲಗಡೆ ನಿಂತು, ಅವಳ ಕಿವಿಯ ಹತ್ತಿರ ಬಾಯಿ ತಂದರು.

"ಹೀಗೆ ಕೂಗುತ್ತೆ," ಎಂದು ತಮ್ಮ ದಪ್ಪ ಗಂಟಲಿನಲ್ಲಿ, ಫ್ರಿಜ್ಜಿನ ತಾಳಕ್ಕೆ ಸರಿಯಾಗಿ, ಕೂಗಿ ತೋರಿಸಿದರು. "ಪೀಂ. ಪೀಂ. ಪೀಂ."

ಫ್ರಿಜ್ಜಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡಳು.

"ಇನ್ನೊಂದು ಸಲ," ಎಂದಳು.

ಭಾವ ಇನ್ನೊಂದು ಸಲ ಕೂಗಿದರು. ಅವರ ದನಿ ನಡುವೆ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಅಕ್ಕ ಕೈ ಚಾಚಿ ಬಾಗಿಲನ್ನು ತಾನೇ ಮುಚ್ಚಿದಳು.